ಆಟದ ಗಾಡಿಗೆ ಲಾರಿಯ ಬ್ರೇಕು

ಲಿಂಗಸುಗೂರಿನ ಬಸ್ ನಿಲ್ದಾಣದ ಹಿಂದೆ ವಿಡಿಯೋ ಗೇಮಿನ ಅಂಗಡಿ ನಡೆಸುತ್ತಿದ್ದ ಮಾಲಕರು ಟೆಂಪೋದಲ್ಲಿ ಹೇರಿಕೊಂಡು ಬಂದು, ಸಿಂಧನೂರಿನ ನನ್ನ ಟಿವಿ ರಿಪೇರಿ ಅಂಗಡಿಯ ಮುಂದೆ ಇಳಿಸಿದ್ದನ್ನು ಹೆಣವೆಂದೇ ಹೇಳಬೇಕು. ಕಾರಿನದರಂಥ ಒಂದು ಸೀಟು, ಅದರ ಮುಂದೆ ಆಳೆತ್ತರದ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಒಂದು ಟಿವಿ. ನಾಣ್ಯ ಹಾಕಿ ಕೂತರೆ ಪರದೆಯ ಮೇಲೆ ರಸ್ತೆ ಓಡುತ್ತಿತ್ತು, ಕಾರುಗಳ ರೇಸು ನಡೆಯುತ್ತಿತ್ತು. ಹೈದರಾಬಾದಿನ ಯಾವುದೋ ಎಕ್ಸಿಬಿಷನ್ ಮುಗಿದ ಮೇಲೆ ಅಗ್ಗಕ್ಕೆ ಸಿಕ್ಕಿದ್ದಂತೆ. ನಮ್ಮ ಕಡೆಯ ಕರೆಂಟು ಒಮ್ಮೆ ಏರಿ ಒಮ್ಮೆ ಇಳಿದು ಅದರ ಒಳಗಿನ ಎಲೆಕ್ಟ್ರಾನಿಕ್ ಬೋರ್ಡನ್ನು ಸುಟ್ಟು ಕರಕಲು ಮಾಡಿತ್ತು. ಸ್ಟೇರಿಂಗನ್ನು ಯಾರೋ ಜಗ್ಗಿ ಕಿತ್ತಿದ್ದರು. ಪೆಡಲುಗಳು ತುಕ್ಕು ಹಿಡಿದು ಕಲ್ಲಾಗಿದ್ದವು.

"ಬದುಕತೈತೇನಪಾ ಇದು?" ಎಂದರು ಮಾಲಕರು.

"ಬೋರ್ಡ್ ಸತ್ತೈತ್ರಿ. ಟಿವಿ ಒಂದ ಉಳದೈತಿ," ಎಂದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮೂರಲ್ಲಿ ಕಂಪ್ಯೂಟರ್ ಕ್ಲಾಸು ತೆರೆದಿದ್ದ ಮೇಷ್ಟ್ರೊಬ್ಬರ ಹತ್ತಿರ ಒಂದು ವಿಚಿತ್ರ ಪ್ರೋಗ್ರಾಂ ಇತ್ತು. ಇಂಥ ಆಟದ ಯಂತ್ರಗಳ ಚಿಪ್‌ಗಳ ಒಳಗೆ ಇರುವುದನ್ನೆಲ್ಲ ಕಂಪ್ಯೂಟರಿಗೆ ತುಂಬಿದರೆ ಕಂಪ್ಯೂಟರೇ ಆ ಯಂತ್ರದ ವೇಷ ಹಾಕುತ್ತಿತ್ತು. ಆಟ ಅದೇ, ರಸ್ತೆ ಅದೇ, ಬೋರ್ಡು ಮಾತ್ರ ಬೇಕಿಲ್ಲ. ನಾನು ಮಾಲಕರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಅವರು ಕೀಬೋರ್ಡಿನ ಬಾಣದ ಗುರುತುಗಳನ್ನು ಒತ್ತಿ ಕಾರು ಓಡಿಸಿ ನೋಡಿ ಮುಖ ಕಿವುಚಿದರು.

"ನನ್ನ ಅಂಗಡಿಗೆ ಬರಾವ್ರು ಯಾರು ಹೇಳು? ಲಾರಿ ಡ್ರೈವರ್ಗೋಳು, ಟೆಂಪೋದವ್ರು, ಟ್ರ್ಯಾಕ್ಟರ್ ಹೊಡಿಯಾವ್ರು. ಇದನ್ನ ಕೊಟ್ರ ಥೂ ಅಂತ ಉಗುಳಿ ಹೋಗ್ತಾರ. ಸ್ಟೇರಿಂಗ್ ಬೇಕು, ಗೇರ್ ಬೇಕು, ಪೆಡಲ್ ಬೇಕು. ಖರೆ ಗಾಡಿ ಹೊಡದಂಗ ಆಗಬೇಕು. ಇಲ್ಲಾಂದ್ರ ನನಗ ಬ್ಯಾಡ."

ಒಪ್ಪಿಕೊಂಡೆ. ಒಪ್ಪಿಕೊಂಡ ಮೇಲೆ ನೆನಪಾಯಿತು, ನನಗೆ ಸೈಕಲ್ಲು ಬಿಟ್ಟು ಬೇರೇನೂ ಹೊಡೆಯಲು ಬರುವುದಿಲ್ಲ ಎಂದು. ಖರೆ ಗಾಡಿಯ ಸ್ಟೇರಿಂಗು ಎಷ್ಟು ಭಾರವಿರುತ್ತದೆ, ಬಿಟ್ಟರೆ ಹೇಗೆ ತಿರುಗಿ ಬರುತ್ತದೆ ಎಂಬುದು ನನ್ನ ಕೈಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ನಮ್ಮ ಬಳಗದಲ್ಲೇ ಇದ್ದ. ಮಸ್ಕಿಯಲ್ಲಿದ್ದ ನನ್ನ ಅಕ್ಕನ ಗಂಡ. ಅವನನ್ನು ಮಾವ ಎಂದೇ ಕರೆಯುತ್ತಿದ್ದೆ. ಅರ್ಧ ಆಯುಷ್ಯ ಲಾರಿಯಲ್ಲೇ ಕಳೆದವನು, ಆಗ ವರ್ಷದಿಂದ ಮನೆ ಹಿಡಿದು ಕೂತಿದ್ದ.

ಕೂತಿದ್ದ ಕಾರಣ ಊರಿಗೆಲ್ಲ ಗೊತ್ತಿತ್ತು. ದಢೇಸುಗೂರಿನ ಹತ್ತಿರ ಒಂದು ಮಧ್ಯಾಹ್ನ, ಭತ್ತದ ಲೋಡು ಹೊತ್ತಿದ್ದ ಅವನ ಲಾರಿಗೆ, ಗದ್ದೆಯಲ್ಲಿ ನಾಟಿ ಹಚ್ಚಿ ಮನೆಗೆ ಹೊರಟಿದ್ದ ಹೆಣ್ಣುಮಗಳೊಬ್ಬಳು ಸಿಕ್ಕು ಸತ್ತಿದ್ದಳು. ಓಡಿಬಂದು ಅಡ್ಡ ಬಿದ್ದಳೆಂದು ಮಾವ ಹೇಳಿದ. ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಕೋರ್ಟು ಅವನ ಮಾತು ನಂಬಿ ಬಿಟ್ಟುಬಿಟ್ಟಿತು. ಊರು ನಂಬಿತು, ನಾವೂ ನಂಬಿದೆವು. ಆದರೆ ಬಿಡುಗಡೆಯಾಗಿ ಬಂದವನು ಮತ್ತೆ ಲಾರಿ ಹತ್ತಲಿಲ್ಲ. ಲಾರಿಯ ಧಣಿ ಎರಡು ಸಲ ಮನೆಗೇ ಬಂದು ಕರೆದರೂ ಕೈ ಮುಗಿದು ಕಳಿಸಿದ.

ನಾನು ಕೇಳಲು ಮಸ್ಕಿಗೆ ಹೋದಾಗ ಮಾವನಿಗಿಂತ ಮೊದಲು ಅಕ್ಕನೇ ಒಪ್ಪಿಕೊಂಡಳು. ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ದನಿ ತಗ್ಗಿಸಿ ಹೇಳಿದಳು.

"ಕರ್ಕೊಂಡು ಹೋಗೋ ತಮ್ಮ. ಆಟದ ಗಾಡಿನಾದ್ರೂ ಆಗಲಿ, ಕೈಯಾಗ ಒಮ್ಮೆ ಸ್ಟೇರಿಂಗ್ ಬಂತಂದ್ರ ಅಂಜಿಕಿ ಬಿಡತೈತಿ. ಧಣಿ ಇನ್ನಾ ಜಾಗ ಹಿಡದಾನ, ಎಷ್ಟ್ ದಿನ ಹಿಡಿತಾನ? ಈ ಮನಿಶ್ಯಾ ಹಿಂಗ ಗ್ವಾಡಿ ನೋಡ್ಕೋಂತ ಕುಂತ್ರ ನಾ ಹುಚ್ಚಿ ಆಗ್ತೀನಿ."

ಹೀಗೆ ನನಗೆ ಒಂದರ ಜೊತೆ ಇನ್ನೊಂದು ರಿಪೇರಿಯೂ ಗಂಟು ಬಿತ್ತು.

ಮೊದಲು ಗುಜರಿ ಅಂಗಡಿಗೆ ಹೋದೆವು. ನಾನು ನೋಡಲು ಚೆಂದವಿದ್ದ ಒಂದು ಕಾರಿನ ಸ್ಟೇರಿಂಗ್ ಎತ್ತಿಕೊಂಡೆ. ಮಾವ ಅದನ್ನು ನನ್ನ ಕೈಯಿಂದ ತೆಗೆದು ರಾಶಿಯ ಮೇಲೆ ಒಗೆದ. ಹಳೆ ಜೀಪಿನದೊಂದನ್ನು ಆರಿಸಿ, ಎರಡೂ ಅಂಗೈ ನಡುವೆ ಹಿಡಿದು ತಿರುವಿ ನೋಡಿದ. ಅದು ಸೊಟ್ಟಗಾಗಿರಲಿಲ್ಲ. ಹಿಡಿಯುವ ಜಾಗದಲ್ಲಿ ಯಾರದೋ ಕೈ ತಾಗಿ ತಾಗಿ ನುಣ್ಣಗಾಗಿತ್ತು.

"ಇದನ್ನ ಹಿಡಕೋ. ಸೈಕಲ್ ಹ್ಯಾಂಡಲ್ ಆರಿಸಿದಂಗ ಆರಿಸಬ್ಯಾಡ," ಎಂದ. ವರ್ಷದ ಮೇಲೆ ಅವನ ಬಾಯಿಂದ ಬಂದ ಮೊದಲ ಚೇಷ್ಟೆ ಅದು. ನನಗೆ ಖುಷಿಯಾಯಿತು.

ಸ್ಟೇರಿಂಗಿಗೆ ಲೇತ್ ಅಂಗಡಿಯಲ್ಲಿ ಒಂದು ಸಲಾಕೆ ಕಡೆಸಿ, ಸುಟ್ಟ ಸೀಲಿಂಗ್ ಫ್ಯಾನುಗಳ ಎರಡು ಬೇರಿಂಗಿನಲ್ಲಿ ಅದನ್ನು ಕೂರಿಸಿದೆ. ಮಂದಿ ಸಿಟ್ಟಿನಿಂದ ತಿರುವಿದರೂ ಮುರಿಯದ ಹಾಗೆ ಎರಡೂ ಕೊನೆಗೆ ದಪ್ಪ ಬೋಲ್ಟು ಅಡ್ಡ ಕೊಟ್ಟೆ. ಸಲಾಕೆಯ ತುದಿಗೆ ಒಂದು ವಾಲ್ಯೂಮ್ ಕಂಟ್ರೋಲ್ ಬಿಗಿದೆ. ಟಿವಿಯ ಸದ್ದು ಏರಿಸಿ ಇಳಿಸಲು ತಿರುಗಿಸುತ್ತೇವಲ್ಲ, ಆ ಬಿರಡೆಯ ಹಿಂದೆ ಇರುವ ಬಿಲ್ಲೆ. ಅದು ಎಷ್ಟು ತಿರುಗಿದೆ ಎಂಬುದನ್ನು ಕಂಪ್ಯೂಟರು ಒಂದು ವಯರಿನ ಮೂಲಕ ಓದಿಕೊಂಡು ಪರದೆಯ ಮೇಲಿನ ಕಾರನ್ನು ಅಷ್ಟೇ ತಿರುಗಿಸುತ್ತದೆ. ನನ್ನ ಅಂಗಡಿಯಲ್ಲಿ ಅಂಥವು ಡಬ್ಬಿಗಟ್ಟಲೆ ಇದ್ದವು.

ಕಾರು ಎಡಕ್ಕೆ ಹೊರಳಲು ಒಲ್ಲೆನೆಂದಿತು. ಸ್ಟೇರಿಂಗನ್ನು ಎಡಗಡೆಯ ಕೊನೆಯವರೆಗೆ ತಿರುವಿದರೂ ಮುಲುಗುತ್ತ ಸ್ವಲ್ಪವೇ ಸರಿಯುತ್ತಿತ್ತು. ಬಲಕ್ಕೆ ಬೆರಳಷ್ಟು ತಿರುವಿದರೆ ಸಾಕು, ರಸ್ತೆ ಬಿಟ್ಟು ಹಾರುತ್ತಿತ್ತು. ನಾನು ಪ್ರೋಗ್ರಾಮಿನದೇ ತಪ್ಪು ಎಂದೆ. ಕಂಪ್ಯೂಟರ್ ಮೇಷ್ಟ್ರು ಸ್ಟೇರಿಂಗಿನ, ಆಕ್ಸಿಲೇಟರಿನ, ಬ್ರೇಕಿನ ಅಳತೆಯನ್ನು ಮೂರು ಗೆರೆಗಳಾಗಿ ತೋರಿಸುವ ಸಣ್ಣ ಪ್ರೋಗ್ರಾಂ ಬರೆದುಕೊಟ್ಟರು. ಅದರಲ್ಲೂ ಗೆರೆ ಒಂದು ಕಡೆ ತೆವಳುತ್ತಿತ್ತು, ಇನ್ನೊಂದು ಕಡೆ ನೆಗೆಯುತ್ತಿತ್ತು. ಬಿಲ್ಲೆ ಬದಲಿಸಿದೆ, ವಯರು ಬದಲಿಸಿದೆ, ಬೇರಿಂಗು ನೆಟ್ಟಗಿದೆಯೇ ಎಂದು ನೋಡಿದೆ. ಬಿಲ್ಲೆಯೊಳಗೆ ಅಕ್ಕಿ ಗಿರಣಿಯ ತೌಡಿನ ಧೂಳು ಸೇರಿದೆಯೆಂದು ಪೆಟ್ರೋಲಿನಲ್ಲಿ ತೊಳೆದೆ. ನಮ್ಮೂರಲ್ಲಿ ಆ ಧೂಳು ಸೇರದ ಜಾಗವೇ ಇಲ್ಲವಾದ್ದರಿಂದ ಏನು ಕೆಟ್ಟರೂ ಮೊದಲ ಅನುಮಾನ ಅದರ ಮೇಲೆಯೇ. ಕುಣಿಯಲು ಬಾರದವಳು ನೆಲ ಡೊಂಕು ಎಂದಳಂತೆ, ನನ್ನದೂ ಹಾಗೇ ಆಯಿತು.

ಕೊನೆಗೆ ಒಂದು ಟೇಪ್ ರೆಕಾರ್ಡರ್ ರಿಪೇರಿ ಮಾಡುತ್ತ ಸದ್ದು ಏರಿಸುವಾಗ ಹೊಳೆಯಿತು. ಮನುಷ್ಯನ ಕಿವಿ ಸದ್ದನ್ನು ಸಮನಾಗಿ ಅಳೆಯುವುದಿಲ್ಲ. ಅದಕ್ಕೆಂದೇ ಸದ್ದಿನ ಬಿಲ್ಲೆಯನ್ನು ಮೊದಲರ್ಧ ನಿಧಾನ, ಆಮೇಲೆ ಜೋರು ಏರುವಂತೆ ಮಾಡಿರುತ್ತಾರೆ. ಇಪ್ಪತ್ತು ವರ್ಷ ಬರೀ ಸದ್ದನ್ನೇ ರಿಪೇರಿ ಮಾಡಿದವನಿಗೆ ಜಗತ್ತಿನಲ್ಲಿ ಬೇರೆ ತರಹದ ಬಿಲ್ಲೆಯೂ ಬೇಕಾಗುತ್ತದೆಂದು ತೋಚಿರಲಿಲ್ಲ. ಎಡ ಬಲ ಸ್ಪೀಕರುಗಳ ಸದ್ದನ್ನು ಹಂಚುವ ಬಿರಡೆಯೊಂದು ಆ ಟೇಪಿನಲ್ಲೇ ಇತ್ತು. ಅದರ ಬಿಲ್ಲೆ ಸಮನಾಗಿ ಏರುವಂಥದು. ಬೇರೊಂದು ಕೆಟ್ಟ ಡೆಕ್ಕಿನಿಂದ ಅಂಥದೇ ಕಿತ್ತು ಹಾಕಿದೆ. ಕಾರು ಎಡಕ್ಕೂ ಬಲಕ್ಕೂ ಒಂದೇ ಸಮ ಹೊರಳಿತು. ಮಾವ ಪಕ್ಕದಲ್ಲಿ ನಿಂತು ಒಂದು ಕೈಯಿಂದ ತಿರುವಿ ನೋಡಿ, "ಬರೋಬರಿ ಐತಿ," ಎಂದ.

ನಿಂತೇ ಇದ್ದ ಎಂಬುದನ್ನು ಹೇಳಬೇಕು. ಅಷ್ಟು ದಿನವೂ ಅವನು ಒಮ್ಮೆಯೂ ಆ ಸೀಟಿನಲ್ಲಿ ಕೂತಿರಲಿಲ್ಲ. "ನೀನ ಕುಂದ್ರು, ನಾ ಹೇಳ್ತೀನಿ," ಎನ್ನುತ್ತಿದ್ದ. ಪಕ್ಕದಲ್ಲಿ ನಿಂತು ತಿರುವುತ್ತಿದ್ದ, ಬಗ್ಗಿ ನಟ್ಟು ಬಿಗಿಯುತ್ತಿದ್ದ, ಗ್ರೀಸು ಹಚ್ಚುತ್ತಿದ್ದ. ಸೀಟಿನ ಹತ್ತಿರ ಬಂದರೆ ಮಾತ್ರ ಬಿಸಿ ಹಂಚು ಕಂಡವನಂತೆ ಸರಿದುಬಿಡುತ್ತಿದ್ದ. ಮಸ್ಕಿಗೆ ಫೋನು ಮಾಡಿದಾಗಲೆಲ್ಲ ಅಕ್ಕ ಪಕ್ಕದ ಅಂಗಡಿಗೆ ಓಡಿಬಂದು ಅದೊಂದನ್ನೇ ಕೇಳುತ್ತಿದ್ದಳು.

"ಕುಂತನೇನು?"

"ಇನ್ನಾ ಇಲ್ಲಕ್ಕ."

ಸ್ಟೇರಿಂಗನ್ನು ನಡುವಿಗೆ ತರಲು ಲಾರಿ ಟ್ಯೂಬಿನ ಪಟ್ಟಿಗಳನ್ನು ಎರಡೂ ಕಡೆ ಕಟ್ಟಿದೆ. ಬಿಟ್ಟ ಕೂಡಲೇ ಅದು ಪಟ್ಟನೆ ತಿರುಗಿ ಆಚೆ ದಾಟಿ ಮತ್ತೆ ಈಚೆ ಬಂದು ನಡುಗುತ್ತ ನಿಲ್ಲುತ್ತಿತ್ತು. ಮಾವ ನಕ್ಕ. ಖರೆ ಗಾಡಿಯಲ್ಲಿ ಸ್ಟೇರಿಂಗ್ ತಾನಾಗಿ ಮರಳುತ್ತದೆ, ಆದರೆ ಅಂಗೈಯಲ್ಲಿ ಜಾರುತ್ತ ಬರುತ್ತದೆ ಎಂದ. ಹಳೆಯ ಬೆಲ್ಟಿನ ತೊಗಲು ತುಂಡು ಮಾಡಿ, ಗ್ರೀಸು ಹಚ್ಚಿ, ಸಲಾಕೆಯ ಸುತ್ತ ಬಿಗಿದೆವು. ಬಿಗಿ ಹೆಚ್ಚಾದರೆ ಎತ್ತಿನ ಗಾಡಿ, ಕಡಿಮೆಯಾದರೆ ಮಕ್ಕಳ ಆಟಿಗೆ. ಅವನು ಕಣ್ಣು ಮುಚ್ಚಿ ಅಂಗೈಯಲ್ಲಿ ಜಾರಿಸಿ ಜಾರಿಸಿ ನೋಡಿ ನಟ್ಟನ್ನು ಕೂದಲೆಳೆಯಷ್ಟು ತಿರುಗಿಸಲು ಹೇಳುತ್ತಿದ್ದ. ಗೇರಿಗೆ ಎರಡು ಸ್ವಿಚ್ಚು, ಆಕ್ಸಿಲೇಟರಿಗೆ ಸೈಕಲ್ ಸ್ಟ್ಯಾಂಡಿನ ಸ್ಪ್ರಿಂಗು. ಇವು ಸುಲಭವಾಗಿ ಕೂತವು.

ಉಳಿದದ್ದು ಬ್ರೇಕು. ರೇಸಿನ ಆಟದಲ್ಲಿ ಬ್ರೇಕು ಹಿಡಿಯುವವರು ಯಾರು ಎಂದುಕೊಂಡು ನಾನು ಪೆಡಲಿನ ಕೆಳಗೆ ಒಂದು ಸ್ವಿಚ್ಚು ಇಟ್ಟು ಮುಗಿಸಿದ್ದೆ. ಮಾಲಕರೂ ಸಾಕೆಂದಿದ್ದರು. ಮಾವ ಬಗ್ಗಿ ಅದನ್ನು ಕೈಯಿಂದ ಒತ್ತಿ ನೋಡಿದ.

"ಇದೇನು? ಕರೆಗಂಟಿ ಒತ್ತಿದಂಗ ಐತಿ. ಇದಕ್ಕ ಬ್ರೇಕ್ ಅಂತಾರೇನು?"

"ಬ್ರೇಕ್ ಯಾರ್ ಹಿಡಿತಾರ ಮಾವ ಇದರಾಗ?"

"ಹಿಡಿಯಲಿ ಬಿಡಲಿ, ಗಾಡಿ ಅಂದ ಮ್ಯಾಲ ಬ್ರೇಕ್ ಇರಬೇಕು. ತೆಗಿ ಇದನ್ನ."

ಅವನ ದನಿ ಕೇಳಿ ನಾನು ವಾದ ಮಾಡಲಿಲ್ಲ. ಮತ್ತೆ ಗುಜರಿಗೆ ಹೋಗಿ ಲಾರಿಯ ಪೆಡಲನ್ನೇ ತಂದೆವು. ಅದರ ಹಿಂದೆ ಲಾರಿಯ ಪಾಟಾದ, ಅಂದರೆ ಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿಗಳ, ರಬ್ಬರ್ ಬುಷ್‌ಗಳನ್ನು ಒಂದರ ಮೇಲೊಂದು ಪೇರಿಸಿದೆ. ಪೆಡಲು ಭಾರವಾಯಿತು, ಆದರೆ ಎರಡು ಬೆರಳಿನಷ್ಟು ಮಾತ್ರ ಕೆಳಗಿಳಿಯುತ್ತಿತ್ತು. ಬಿಲ್ಲೆ ತಿರುಗಲು ಅಷ್ಟು ಸಾಲದು. ಹಳೆಯ ರೇಡಿಯೋಗಳಲ್ಲಿ ಸ್ಟೇಷನ್ನಿನ ಮುಳ್ಳು ಓಡಿಸಲು ಚಕ್ರಕ್ಕೆ ಸುತ್ತಿದ ದಾರವಿರುತ್ತದೆ. ಅದನ್ನೇ ಬಿಚ್ಚಿ ತಂದು ಪೆಡಲಿಗೆ ಕಟ್ಟಿ, ಬಿಲ್ಲೆಯ ಕಡ್ಡಿಗೆ ಸುತ್ತಿದೆ. ಪೆಡಲು ಎರಡು ಬೆರಳು ಇಳಿದರೆ ಬಿಲ್ಲೆ ಪೂರ್ತಿ ತಿರುಗತೊಡಗಿತು. ಇವತ್ತಿಗೂ ಆ ದಾರದ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ.

ಇನ್ನು ಭಾರ ಎಷ್ಟಿರಬೇಕು ಎಂಬುದು. ಒಂದು ಬುಷ್ ತೆಗೆದೆ, ಒಂದು ಹಾಕಿದೆ. ಮಾವ ಕೈಯಿಂದ ಒತ್ತಿ ನೋಡಿದ, ಮೊಣಕೈಯಿಂದ ಒತ್ತಿ ನೋಡಿದ, ತಲೆ ಅಲ್ಲಾಡಿಸಿದ.

"ಬ್ರೇಕಿನ ಭಾರ ಕೈಗೆ ತಿಳಿಯಂಗಿಲ್ಲ," ಎಂದ. ಬಹಳ ಹೊತ್ತು ಪೆಡಲನ್ನೇ ನೋಡಿದ. ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟು ಸೀಟಿನಲ್ಲಿ ಕೂತ.

ಅವನು ಕಾಲಿಟ್ಟ, ಒತ್ತಿದ, ಬಿಟ್ಟ. ಇನ್ನೊಂದು ಬುಷ್ ಹಾಕು ಎಂದ. ಮತ್ತೆ ಒತ್ತಿದ. ಸರಿ ಎಂದ. ಎದ್ದು ಹೋಗಿ ಹೊರಗೆ ನಿಂತು ಬೀಡಿ ಸೇದಿದ. ಬೀಡಿ ಮುಗಿದ ಮೇಲೆ ತಾನೇ ಒಳಗೆ ಬಂದು ಕೂತು, "ಹಚ್ಚು," ಎಂದ.

ಆಟ ಹಚ್ಚಿದೆ. ರಸ್ತೆ ಓಡಿತು. ಅವನು ಗೇರು ಹಾಕಿ, ಎಡಕ್ಕೆ ಬಲಕ್ಕೆ ಹಗುರಾಗಿ ಒಲೆಯುತ್ತ, ಮುಂದಿನ ಕಾರುಗಳನ್ನು ಒಂದೊಂದಾಗಿ ಹಿಂದೆ ಹಾಕುತ್ತ ಹೋದ. ಎಲ್ಲೂ ಅವಸರವಿಲ್ಲ. ನೋಡಿದರೆ ಕಣ್ಣು ತುಂಬಿ ಬರುವಂತಿತ್ತು. ಅಷ್ಟರಲ್ಲಿ ಪಕ್ಕದ ಕಾರೊಂದು ಸರಕ್ಕನೆ ಎದುರಿಗೆ ನುಗ್ಗಿತು. ಅವನ ಬಲಗಾಲು ಬ್ರೇಕಿನ ಮೇಲಿತ್ತು. ಅದು ಯಾವಾಗ ಅಲ್ಲಿಗೆ ಹೋಯಿತೆಂದು ನಾನು ನೋಡಲೇ ಇಲ್ಲ. ಕಾರು ನಡುರಸ್ತೆಯಲ್ಲಿ ನಿಂತಿತು. ಉಳಿದ ಕಾರುಗಳೆಲ್ಲ ದಾಟಿ ಹೋದವು. ಕೆಲಸ ನೋಡಲೆಂದು ಅವತ್ತು ಲಿಂಗಸುಗೂರಿನಿಂದ ಬಂದಿದ್ದ ಮಾಲಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

"ರೇಸಿನ್ಯಾಗ ಬ್ರೇಕ್ ಹಿಡಿತೀಯಲ್ಲೋ ಮಾರಾಯ!"

ಮಾವ ನಗಲಿಲ್ಲ. ತನ್ನ ಕಾಲನ್ನು ನೋಡುತ್ತ ಕೂತಿದ್ದ.

ಅಕ್ಕನಿಗೆ ಫೋನು ಮಾಡಿ "ಕುಂತಾನ" ಎಂದೆ. ಅವಳು ಅಂಗಡಿಯಲ್ಲೇ ಅತ್ತಳೆಂದು ಆಮೇಲೆ ಗೊತ್ತಾಯಿತು. ಲಾರಿಯ ಧಣಿಗೆ ಅವತ್ತೇ ಹೇಳಿ ಕಳಿಸಿದಳು. ಮುಂದಿನ ಸೋಮವಾರದಿಂದ ಬರಲಿ, ಮೊದಲು ಹತ್ತಿರದ ಬಾಡಿಗೆ ಹೊಡೆಯಲಿ ಎಂದು ಧಣಿಯೂ ಒಪ್ಪಿದ.

ಇತ್ತ ಮಾವ ದಿನವೂ ಬೆಳಿಗ್ಗೆ ಮಸ್ಕಿ ಬಸ್ಸಿಗೆ ಬಂದು ಆಟಕ್ಕೆ ಕೂರತೊಡಗಿದ. ಆದರೆ ಅವನಿಗೆ ರೇಸು ಬೇಕಿರಲಿಲ್ಲ.

"ಅಳಿಯಾ, ನನಗ ಗೊತ್ತಾಗದಂಗ ಒಮ್ಮೆ ಪರದೆ ಮುಂದ ಅರಿವಿ ಹಿಡಿ," ಎಂದ.

ನಾನು ಹಿಂದಿನಿಂದ ಬಂದು ಟವೆಲ್ಲು ಹಿಡಿದೆ. ಕಾಲು ಬ್ರೇಕಿಗೆ ಹೋಗಿತ್ತು.

"ಮಾತಾಡಿಸ್ಕೋಂತ ಹಿಡಿ."

ಅಕ್ಕನ ಸುದ್ದಿ, ಧಣಿಯ ಸುದ್ದಿ ಎತ್ತಿ, ಅವನು ಉತ್ತರ ಹೇಳುವಾಗಲೇ ಹಿಡಿದೆ. ಕಾಲು ಹೋಗಿತ್ತು. ಎಲೆಗೆ ಸುಣ್ಣ ಹಚ್ಚುತ್ತಿದ್ದಾಗ ಹಿಡಿ ಎಂದ, ಹಿಡಿದೆ. ಹೊರಗೆ ಬಸ್ಸಿನ ಕಡೆ ನೋಡುತ್ತಿದ್ದಾಗ ಓರೆಗಣ್ಣಿಗಷ್ಟೇ ಕಾಣುವಂತೆ ಹಿಡಿದೆ. ಕಣ್ಣಿಗಿಂತ ಮೊದಲು ಕಾಲಿಗೆ ತಿಳಿಯುತ್ತಿತ್ತು. ನನಗೋ ಹಿಗ್ಗು. ಭಯ ಬಿಡಿಸಿಕೊಳ್ಳಲು ತಾಲೀಮು ಮಾಡುತ್ತಿದ್ದಾನೆ ಎಂದು ತಿಳಿದೆ. "ಮಾವ, ನಿನ್ನ ಕಾಲು ಚಿರತಿ ಇದ್ದಂಗ ಐತಿ ಬಿಡು," ಎಂದೆ. ಒಮ್ಮೆಯೂ ಅವನ ಮುಖ ಅರಳಲಿಲ್ಲ. ಪ್ರತಿ ಸಲ ಕಾಲು ಬ್ರೇಕಿನ ಮೇಲೆ ಬಿದ್ದಾಗಲೂ ಅವನು ಇನ್ನಷ್ಟು ಕುಗ್ಗುತ್ತಿದ್ದ. ಯಾಕೆಂದು ನನಗೆ ತಿಳಿಯಲಿಲ್ಲ.

ಆ ಶನಿವಾರ ಮಧ್ಯಾಹ್ನ ಅವನು ಅಕ್ಕ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಲೆ, ಮೇಲೆ ಮಜ್ಜಿಗೆ ಅನ್ನ ಎಲ್ಲ ಹೊಟ್ಟೆ ಬಿರಿಯುವ ಹಾಗೆ ಉಂಡ. ಬೇಸಿಗೆಯ ಬಿಸಿಲು, ತಗಡಿನ ಮಾಡು. ಕೂತವನು, "ಫ್ಯಾನ್ ಬಂದ್ ಮಾಡು," ಎಂದ.

"ಯಾಕ ಮಾವ? ಕುದಿತೀವಿ."

"ಮಾಡಂದ್ರ ಮಾಡು. ಮಾತಾಡಿಸಬ್ಯಾಡ. ಅರಿವಿ ನಿನಗ ಯಾವಾಗ ಅನಸತೈತಿ ಅವಾಗ ಹಿಡಿ."

ಆಟ ಓಡುತ್ತಿತ್ತು. ಆ ರಸ್ತೆ ಎಷ್ಟು ಓಡಿದರೂ ಒಂದೇ ಥರ, ಇಂಜಿನ್ನಿನ ಗುಂಯ್ ಸದ್ದೂ ಒಂದೇ ಥರ. ಮೊದಮೊದಲು ಸ್ಟೇರಿಂಗ್ ಎಡ ಬಲ ಆಡುತ್ತಿತ್ತು. ಬರಬರುತ್ತ ಅದು ಆಡುವುದು ಕಡಿಮೆಯಾಯಿತು. ನಾನು ಪಕ್ಕಕ್ಕೆ ಸರಿದು ಅವನ ಮುಖ ನೋಡಿದೆ. ಕಣ್ಣು ತೆರೆದಿತ್ತು ಎಂದೇ ಹೇಳಬೇಕು, ಅರ್ಧ ತೆರೆದಿತ್ತು. ಟವೆಲ್ಲು ಹಿಡಿದೆ. ಕಾಲು ಆಕ್ಸಿಲೇಟರಿನ ಮೇಲೆ ಒತ್ತಿದಲ್ಲೇ ಇತ್ತು. ಹಿಡಿದೇ ಇದ್ದೆ. ಕಾರು ಎಡಕ್ಕೆ ವಾಲುತ್ತ ವಾಲುತ್ತ ರಸ್ತೆಯ ಅಂಚು ದಾಟಿ ಫಲಕವೊಂದಕ್ಕೆ ಬಡಿಯಿತು. ಆ ಸದ್ದಿಗೆ ಅವನು ಬೆಚ್ಚಿಬಿದ್ದು ಸ್ಟೇರಿಂಗನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಹಿಡದಿದ್ದೇನು?"

"ಹಿಡದಿದ್ದೆ, ಮಾವ."

"ಕಾಲು?"

ಟವೆಲ್ಲು ಇನ್ನೂ ನನ್ನ ಕೈಯಲ್ಲಿತ್ತು.

"ಕಾಲು ಹೋತೇನೋ ಇಲ್ಲೋ ಹೇಳು."

"ಹೋಗಲಿಲ್ಲ."

ಅವನು ಹಣೆಯನ್ನು ಸ್ಟೇರಿಂಗಿಗೆ ಆನಿಸಿದ. ತಲೆ ಎತ್ತದೆಯೇ ಮಾತಾಡಿದ.

"ಅವತ್ತ ಬ್ರೇಕ್ ಹಿಡದಿದ್ದಿಲ್ಲ ನಾನು. ಆಕಿ ಒಮ್ಮೆಲೆ ಅಡ್ಡ ಬಂದ್ಲು, ಹಿಡಿಯಾಕ ಹೊತ್ತು ಸಿಗಲಿಲ್ಲ ಅಂತ ನಂಬಿದ್ದೆ. ಎಚ್ಚರಿದ್ದಾಗ ನನ್ನ ಕಾಲು ತಪ್ಪಂಗಿಲ್ಲ ಅಳಿಯಾ. ನೀನ ನೋಡಿದಿ. ಮಾತಾಡಾಗ ತಪ್ಪಂಗಿಲ್ಲ, ಬ್ಯಾರೆ ಕಡಿ ನೋಡಾಗ ತಪ್ಪಂಗಿಲ್ಲ. ನಿದ್ದಿ ಹತ್ತಿತ್ತು ನನಗ."

"ಓಡಿಬಂದ್ಲು ಅಂತ ನೀನ ಹೇಳಿದ್ದಿಯಲ್ಲ ಮಾವ?"

"ಸದ್ದಷ್ಟ ನೆನಪೈತಿ. ಇಳದು ನೋಡುದ್ರಾಗ ಮಂದಿ ನೆರೆದಿತ್ತು. 'ಅಡ್ಡ ಬಂದ್ಲೇನು?' ಅಂತ ಒಬ್ಬಾವ ಕೇಳಿದ. ಹೂಂ ಅಂದೆ. ಪೊಲೀಸರ ಮುಂದನೂ ಅದನ್ನ ಅಂದೆ. ಅಂದು ಅಂದು ಆಕಿ ಓಡಿಬಂದಿದ್ದು ಕಣ್ಣಿಗೆ ಕಟ್ಟಾಕ ಹತ್ತಿತು. ಈಗ ಸೀರಿ ಬಣ್ಣ ಸೈತ ಹೇಳ್ತೀನಿ. ಖರೆ ಅಂದ್ರ ನಾ ಆಕಿನ್ನ ನೋಡೇ ಇಲ್ಲ."

ಫ್ಯಾನು ಹಚ್ಚಿದೆ. ಆ ಯಂತ್ರವನ್ನು ಹೊರಗೆ ಹಾಕಿ ಬೆಂಕಿ ಇಡಬೇಕೆನಿಸಿತು. ಬ್ರೇಕಿನ ಜಾಗದಲ್ಲಿ ಮೊದಲಿನ ಸ್ವಿಚ್ಚೇ ಇದ್ದಿದ್ದರೆ ಅವನ ಕಾಲು ಅದನ್ನು ಬ್ರೇಕೆಂದು ಒಪ್ಪುತ್ತಲೇ ಇರಲಿಲ್ಲ, ಅವನು ಕೂರುತ್ತಲೂ ಇರಲಿಲ್ಲ. ಖರೆ ಬ್ರೇಕು ಮಾಡಿಕೊಟ್ಟವನು ನಾನು.

ಅವನು ಆ ಸಂಜೆಯೇ ಮಸ್ಕಿಗೆ ಹೋಗಿ ಅಕ್ಕನಿಗೆ ಹೇಳಿದ. ಸೋಮವಾರ ಲಾರಿ ಹತ್ತುವುದಿಲ್ಲ, ಇನ್ನು ಯಾವತ್ತೂ ಹತ್ತುವುದಿಲ್ಲ ಎಂದ. ದಢೇಸುಗೂರಿಗೆ ಹೋಗಿ ಆ ಹೆಣ್ಣುಮಗಳ ಮನೆಯವರಿಗೆ ಇದನ್ನು ಹೇಳಿ ಬರುತ್ತೇನೆ ಎಂದ. ಮರುದಿನ ಬೆಳಿಗ್ಗೆ ಅಕ್ಕ ನನ್ನ ಅಂಗಡಿಗೆ ಬಂದಳು. ತಲೆ ಬಾಚಿರಲಿಲ್ಲ.

"ನಾ ಏನಂತ ಕಳಿಸಿದ್ದೆ, ನೀ ಏನ್ ಮಾಡಿ ಕಳಿಸಿದೆಲೇ? ಕೋರ್ಟ ಬಿಟ್ಟೈತಿ, ದೇವ್ರ ಬಿಟ್ಟಾನ, ನಿನ್ನ ಡಬ್ಬಿ ಹಿಡೀತೇನು ಅವನ್ನ? ಅವ್ರ ಮನಿಗೆ ಹೋದ್ರ ಕಡದು ಹಾಕ್ತಾರ. ತಡಿ ಅವನ್ನ. ನೀ ಹೇಳಿದ್ರ ಕೇಳ್ತಾನ."

"ನಾ ಹೇಳಂಗಿಲ್ಲಕ್ಕ."

"ಹಂಗಾರ ನನ್ನ ಮನಿ ಮುಳುಗಲಿ ಅಂತೀಯೇನು?"

ತಡೆಯಬಹುದಿತ್ತೇನೋ. ಆದರೆ ಟವೆಲ್ಲು ಹಿಡಿದು ನಿಂತವನು ನಾನು, ಆ ಅಲುಗದ ಕಾಲನ್ನು ನೋಡಿದವನೂ ನಾನೇ. ಅದನ್ನು ನೋಡಿಯೂ ಸುಮ್ಮನೆ ಲಾರಿ ಹೊಡಿ ಎಂದು ಅವನಿಗೆ ಯಾವ ಬಾಯಿಂದ ಹೇಳಲಿ? ಅಕ್ಕ ಮಣ್ಣು ತೂರಿ ಶಪಿಸಿ ಹೋದಳು. ಮುಂದೆ ಎಷ್ಟೋ ಕಾಲ ನನ್ನ ಜೊತೆ ಮಾತು ಬಿಟ್ಟಳು.

ಅದೇ ವಾರ ಮಾಲಕರು ಬಂದು ಯಂತ್ರ ಒಯ್ದರು. ಸ್ಟೇರಿಂಗನ್ನು ಹೊಗಳಿದರು, ಗೇರನ್ನು ಹೊಗಳಿದರು. ಬ್ರೇಕು ಯಾರಿಗೂ ಬೇಡವೆಂದು, ಕಾಲಿಗೆ ಅಡ್ಡ ಬರುತ್ತದೆಂದು, ಅದನ್ನು ತೆಗೆದು ಮೊದಲಿನ ಸ್ವಿಚ್ಚನ್ನೇ ಹಾಕಿಸಿಕೊಂಡರು.

ದಢೇಸುಗೂರಿಗೆ ಮಾವನ ಜೊತೆ ನಾನೇ ಹೋದೆ. ಬಸ್ಸಿಳಿದು ಕಾಲುವೆ ದಂಡೆಗುಂಟ ನಡೆದೆವು. ಸತ್ತವಳ ಗಂಡ ದುಡಿಯಲು ಬೇರೆ ಕಡೆ ಹೋಗಿದ್ದ. ಮನೆಯಲ್ಲಿ ಅವಳ ಹೆತ್ತ ತಾಯಿ ಒಬ್ಬಳೇ ಇದ್ದಳು. ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಯಾರೆಂದು ಹೇಳಿದಾಗ ಕೈ ನಿಲ್ಲಿಸಿದಳು, ಬೈಯಲಿಲ್ಲ. ಕೂತುಕೊಳ್ಳಿ ಎಂದೂ ಅನ್ನಲಿಲ್ಲ.

ಮಾವ ಕೆಳಗೆ ನೆಲದ ಮೇಲೆ ಕೂತ.

"ಯವ್ವಾ, ನಿನ್ನ ಮಗಳು ನನ್ನ ಗಾಡಿಗೆ ಅಡ್ಡ ಬಂದಿದ್ದಿಲ್ಲ. ಓಡಿ ಬಂದ್ಲು ಅಂತ ನಾ ಹೇಳಿದ್ದು ಸುಳ್ಳು. ನನಗ ನಿದ್ದಿ ಹತ್ತಿತ್ತು. ಗಾಡಿ ನಿಂತಾಗ ಎಡಗಡಿ ಗಾಲಿ ರಸ್ತೆ ಬಿಟ್ಟು ಮಣ್ಣಿನ್ಯಾಗ ಇದ್ವು. ಆಕಿ ತನ್ನ ಪಾಡಿಗೆ ರಸ್ತೆ ದಂಡಿಗೇ ನಡದಿದ್ಲು."

ಮುದುಕಿ ಅವನನ್ನು ನೋಡಿದಳು. ಮಾವ ಹೊಡೆತಕ್ಕೆ ಕಾದವನಂತೆ ತಲೆ ತಗ್ಗಿಸಿದ್ದ.

"ದಂಡಿಗೇ ಇದ್ಲಾ?" ಎಂದಳು.

"ದಂಡಿಗೇ ಇದ್ಲು ಯವ್ವಾ."

"ಸಣ್ಣಾಕಿ ಇದ್ದಾಗಿಂದ ಓಡಾಕಿ. ರಸ್ತೆ ನೋಡಿ ದಾಟು, ನೋಡಿ ದಾಟು ಅಂತ ಬಡಕೋತಿದ್ದೆ. ಹೆಣ ತಂದು ಇಲ್ಲೇ ಮಲಗಿಸಿದ್ರಪ್ಪ. ಎಲ್ಲಾರೂ ಅತ್ರು, ನಾ ಬೈದೆ. ಕಣ್ಣಿಲ್ಲೇನ ನಿನಗ ರಂಡೆ, ಇಷ್ಟ್ ಹೇಳಿದ್ರೂ ಓಡಿ ಸತ್ತೆಲ್ಲ ಅಂತ ಮಣ್ಣಿಗೆ ಎತ್ತುತನಕ ಬೈದೆ. ನಿನ್ನೆನೂ ಬೈದೀನಿ."

ಆಕೆ ಮೊರವನ್ನು ಪಕ್ಕಕ್ಕಿಟ್ಟಳು. ಮಾವನ ಕಡೆ ಮತ್ತೆ ನೋಡಲಿಲ್ಲ. ಯಾರೂ ಇಲ್ಲದ ಮನೆಯ ಬಾಗಿಲ ಕಡೆ ತಿರುಗಿ, "ತಪ್ಪಾತು ನನ್ನವ್ವಾ, ಸುಮ್ಮಸುಮ್ಮನ ಬೈದೆ ನಿನ್ನ," ಎಂದಳು.